ಯಂತ್ರ ಉಂಟು, ಕೈಪಿಡಿ ಎಲ್ಲಿ?

ಕೊಳ್ಳೇಗಾಲ, ಯಳಂದೂರು ಅಕ್ಕಪಕ್ಕದ ಊರುಗಳು. ಆದರೆ ಹಳೆಯ ಜಮೀನು ದಾಖಲೆ ಹಿಡಿದು ಕುಳಿತವರಿಗೆ ಇವೆರಡೂ ಬೇರೆ ಬೇರೆ ರಾಜ್ಯಗಳೇ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಮುಂದೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅದು ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈಚೆಗೆ ಪ್ರತ್ಯೇಕ ತಾಲ್ಲೂಕಾದ ಹನೂರು ಕೂಡ ಆಗ ಕೊಳ್ಳೇಗಾಲದೊಳಗೇ ಇತ್ತು. ಯಳಂದೂರಾದರೋ ಮೈಸೂರು ಸಂಸ್ಥಾನದಲ್ಲಿ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಊರು.

ಮದ್ರಾಸಿನ ಭೂಮಾಪನದಲ್ಲಿ ಒಂದು ಎಕರೆಗೆ 100 ಸೆಂಟು. ಮೈಸೂರಿನ ಭೂಮಾಪನದಲ್ಲಿ ಒಂದು ಎಕರೆಗೆ 40 ಗುಂಟೆ. ಹಾಗಾಗಿ ಹಳೆಯ ಕಾಗದದಲ್ಲಿ ಎಕರೆಯ ಅಂಕಿಯ ಮುಂದೆ 20 ಎಂದು ಬರೆದಿದ್ದರೆ, ಮದ್ರಾಸಿನ ಲೆಕ್ಕದಲ್ಲಿ ಅದು ಎಂಟು ಗುಂಟೆ, ಮೈಸೂರಿನ ಲೆಕ್ಕದಲ್ಲಿ ಅರ್ಧ ಎಕರೆ. ಅಂಕಿ ಒಂದೇ, ಓದುವ ನಿಯಮ ಬೇರೆ. ನಿಯಮ ತಿಳಿಯದವರ ಕೈಯಲ್ಲಿ ದಾಖಲೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಈ ಮಾತು ಜಮೀನಿಗೆ ಎಷ್ಟು ನಿಜವೋ ದೊಡ್ಡ ಕಂಪ್ಯೂಟರುಗಳಿಗೂ ಅಷ್ಟೇ ನಿಜ. ಬ್ಯಾಂಕು, ವಿಮಾ ಕಂಪನಿ, ವಿಮಾನಯಾನ ಸಂಸ್ಥೆಗಳ ಲೆಕ್ಕವನ್ನು ಹಗಲೂ ರಾತ್ರಿ ಹೊರುವ ಭಾರಿ ಯಂತ್ರಗಳನ್ನು ಮೇನ್‌ಫ್ರೇಮ್ ಎನ್ನುತ್ತಾರೆ. ಸಂಬಳದ ಪಟ್ಟಿ, ಬಡ್ಡಿಯ ಲೆಕ್ಕ ಮುಂತಾದ ಪ್ರೋಗ್ರಾಂ ಬರೆಯುವವರು ಒಂದು ಬಗೆಯವರು. ಆ ಪ್ರೋಗ್ರಾಂಗಳೆಲ್ಲ ಓಡಬೇಕಾದ ಮೂಲ ವ್ಯವಸ್ಥೆಯನ್ನೇ ನೋಡಿಕೊಳ್ಳುವವರು ಇನ್ನೊಂದು ಬಗೆಯವರು. ಅವರನ್ನು ಸಿಸ್ಟಂ ಪ್ರೋಗ್ರಾಮರ್ ಎಂದು ಕರೆಯುತ್ತಾರೆ. ಇವರ ಮುಖ್ಯ ಆಯುಧ ಕೈಪಿಡಿ. ಅದು ಎಲ್ಲಿ ಸಿಗುತ್ತದೆ, ಯಾರಿಗೆ ಸಿಗುತ್ತದೆ ಎಂಬುದಕ್ಕೇ ಒಂದು ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ.

ಒಂದು ಪುಸ್ತಕ, ಹಲವು ಯಂತ್ರ

1964ರ ಏಪ್ರಿಲ್ 7ರಂದು ಅಮೆರಿಕದ ಐಬಿಎಂ ಕಂಪನಿ ಸಿಸ್ಟಂ/360 ಎಂಬ ಕಂಪ್ಯೂಟರ್ ಕುಟುಂಬವನ್ನು ಪ್ರಕಟಿಸಿತು. ಅದಕ್ಕೆ ಮೊದಲು ಸಣ್ಣ ಯಂತ್ರಕ್ಕೆ ಬರೆದ ಪ್ರೋಗ್ರಾಂ ದೊಡ್ಡ ಯಂತ್ರದಲ್ಲಿ ನಡೆಯುತ್ತಿರಲಿಲ್ಲ. ಯಂತ್ರ ಬದಲಾದರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕಿತ್ತು. ಹೊಸ ಕುಟುಂಬದಲ್ಲಿ ಸಣ್ಣದು, ದೊಡ್ಡದು ಎಲ್ಲವೂ ಒಂದೇ ಆಜ್ಞಾಭಾಷೆಗೆ ಕಟ್ಟುಬಿದ್ದವು. ಆ ಕಟ್ಟುಪಾಡು ಬರೆದಿಟ್ಟ ಕೈಪಿಡಿಯ ಹೆಸರು 'ಪ್ರಿನ್ಸಿಪಲ್ಸ್ ಆಫ್ ಆಪರೇಷನ್'. ಯಂತ್ರದ ಪ್ರತಿಯೊಂದು ಆಜ್ಞೆಯೂ ಏನು ಮಾಡಬೇಕು, ತಪ್ಪಿದರೆ ಏನಾಗಬೇಕು ಎಂಬುದು ಅದರಲ್ಲಿದೆ. ಯಂತ್ರವೇ ಪುಸ್ತಕದ ಪ್ರಕಾರ ನಡೆಯಬೇಕೆಂಬುದು ಇಲ್ಲಿಯ ವಿಶೇಷ.

ಈ ಯಂತ್ರದಲ್ಲೂ ಸೆಂಟು-ಗುಂಟೆಯ ತಕರಾರು ಉಂಟು. ಐಬಿಎಂ ಮೇನ್‌ಫ್ರೇಮ್ ಅಕ್ಷರಗಳನ್ನು ಗುರುತಿಸುವ ಸಂಕೇತಪದ್ಧತಿ ಒಂದು, ನಮ್ಮ ಮೇಜಿನ ಮೇಲಿನ ಕಂಪ್ಯೂಟರಿನದು ಇನ್ನೊಂದು. ಹದಿನಾರರ ಲೆಕ್ಕದಲ್ಲಿ ಬರೆದ 40 ಎಂಬ ಸಂಕೇತ ಮೇನ್‌ಫ್ರೇಮಿಗೆ ಖಾಲಿ ಜಾಗ. ಅದೇ 40 ಮೇಜಿನ ಕಂಪ್ಯೂಟರಿಗೆ, ಇ-ಮೇಲ್ ವಿಳಾಸದ ನಡುವೆ ಬರುವ 'ಅಟ್' ಗುರುತು. ಅಂಕಿ ಇರಬೇಕಾದ ಕಡೆ ಖಾಲಿ ಜಾಗ ಸೇರಿಕೊಂಡು, ಅದನ್ನು ಕೂಡಿಸಲು ಹೇಳಿದರೆ ಮೇನ್‌ಫ್ರೇಮ್ ಕೆಲಸ ನಿಲ್ಲಿಸಿ 'ಎಸ್0ಸಿ7' ಎಂದಷ್ಟೇ ಹೇಳುತ್ತದೆ. ಬ್ಯಾಂಕಿನ ರಾತ್ರಿ ಲೆಕ್ಕ ನಿಂತುಹೋದಾಗ ಆ ನಾಲ್ಕು ಅಕ್ಷರಗಳ ಅರ್ಥ ಗೊತ್ತಿರುವುದು ಕೈಪಿಡಿಗೆ, ಇಲ್ಲವೇ ಕೈಪಿಡಿ ಓದಿದವರಿಗೆ.

ಬೆಂಗಳೂರಿಗೆ ಬಂದ 44

ಭಾರತೀಯ ವಿಜ್ಞಾನ ಸಂಸ್ಥೆ 1970ರಲ್ಲಿ ತನ್ನ ಕಂಪ್ಯೂಟರ್ ಕೇಂದ್ರವನ್ನು ಐಬಿಎಂ 360/44 ಯಂತ್ರದೊಂದಿಗೆ ಆರಂಭಿಸಿತು. ಕುಟುಂಬ ಒಂದೇ ಆದರೂ ಈ 44 ಸ್ವಲ್ಪ ಬೇರೆ ಸ್ವಭಾವದ್ದು. ವೈಜ್ಞಾನಿಕ ಲೆಕ್ಕ ಬೇಗ ಮಾಡಲೆಂದು ಇದನ್ನು ರೂಪಿಸಿದ್ದರು. ವ್ಯಾಪಾರದ ಲೆಕ್ಕಕ್ಕೆ ಬೇಕಾದ ಕೆಲವು ಆಜ್ಞೆಗಳನ್ನು ಮೂಲ ಯಂತ್ರದಿಂದ ಕೈಬಿಟ್ಟಿದ್ದರು. ಲೆಕ್ಕದ ನಿಖರತೆಯನ್ನು ಹೆಚ್ಚು ಕಡಿಮೆ ಮಾಡುವ ಒಂದು ತಿರುಗಣಿಯೂ ಇದಕ್ಕಿತ್ತು. ಅಂದಮೇಲೆ ಕುಟುಂಬಕ್ಕೆಲ್ಲ ಅನ್ವಯಿಸುವ ಕೈಪಿಡಿಯೊಂದೇ ಸಾಲದು, 44ಕ್ಕೇ ಮೀಸಲಾದ ಕೈಪಿಡಿಯೂ ಬೇಕು. ಸರಿಯಾದ ಪುಸ್ತಕ ಹುಡುಕುವುದೆಂದರೆ ಹೆಸರು ಹುಡುಕುವುದಷ್ಟೇ ಅಲ್ಲ. ಯಾವ ಯಂತ್ರ, ಯಾವ ಆವೃತ್ತಿ ಎಂಬುದನ್ನೂ ಹೊಂದಿಸಿ ನೋಡಬೇಕು.

ಪ್ರೋಗ್ರಾಂ ಬರೆಯಲು ಕಲಿಯುವವರಿಗೆ ಆ ಹೊತ್ತಿಗೆ ದೇಶೀಯ ಪುಸ್ತಕ ಬಂದಿತ್ತು. ಆಗ ಕಾನ್ಪುರದ ಐಐಟಿಯಲ್ಲಿದ್ದು, ಮುಂದೆ 1982ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದ ಪ್ರೊ. ವಿ. ರಾಜಾರಾಮನ್ 1969ರಲ್ಲಿ ಪ್ರಕಟಿಸಿದ ಪಠ್ಯದಿಂದ ಎಷ್ಟೋ ವಿದ್ಯಾರ್ಥಿಗಳು ಫೋರ್ಟ್ರಾನ್ ಭಾಷೆ ಕಲಿತರು. ಆದರೆ ಯಂತ್ರದ ಒಳಗುಟ್ಟನ್ನು ಪಠ್ಯಪುಸ್ತಕ ಹೇಳಲಾರದು. ಅದಕ್ಕೆ ಕಂಪನಿಯ ಕೈಪಿಡಿಯೇ ಗತಿ.

ಕಂಪನಿ ಹೋಯಿತು

1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ, ಅಂದರೆ ಫೆರಾ, ಪರದೇಶದ ಕಂಪನಿಗಳು ಭಾರತದ ಅಂಗಸಂಸ್ಥೆಯಲ್ಲಿ ತಮ್ಮ ಪಾಲನ್ನು ಶೇ 40ಕ್ಕೆ ಇಳಿಸಿಕೊಳ್ಳಬೇಕೆಂದು ಒತ್ತಾಯಿಸಿತು. ಐಬಿಎಂ ಒಪ್ಪಲಿಲ್ಲ. 1978ರಲ್ಲಿ ಅದು ದೇಶ ಬಿಟ್ಟು ಹೊರಟಿತು. ಕಂಪನಿ ಹೋದರೂ ನೂರಾರು ಯಂತ್ರಗಳು ಇಲ್ಲೇ ಉಳಿದವು. ಸಂಬಳದ ಲೆಕ್ಕ, ವಿಮೆಯ ಲೆಕ್ಕ ನಿಲ್ಲುವಂತಿರಲಿಲ್ಲ.

ಈ ಹೊರೆ ಬಿದ್ದದ್ದು ಕೇಂದ್ರ ಸರ್ಕಾರ 1975ರಲ್ಲಿ ಸ್ಥಾಪಿಸಿದ್ದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಮೇಲೆ. ಸಿಎಂಸಿ ಎಂದೇ ಅದು ಹೆಸರಾಯಿತು. ಐಬಿಎಂನಲ್ಲಿದ್ದ ಕೆಲವು ಎಂಜಿನಿಯರುಗಳು ಸಿಎಂಸಿ ಸೇರಿದರು, ಇನ್ನು ಕೆಲವರು ಸ್ವಂತ ಸಂಸ್ಥೆ ಕಟ್ಟಿದರು. ಕಂಪನಿಯ ಬಾಗಿಲು ಮುಚ್ಚಿದ ಮೇಲೂ ಯಂತ್ರಗಳು ಓಡಿದ್ದು ಪುಸ್ತಕವನ್ನು ಓದಿ ಅರ್ಥ ಮಾಡಿಕೊಂಡಿದ್ದ ಇಂಥವರ ಕೈಗುಣದಿಂದ. ರಿಪೇರಿ ಕಂಪನಿಯಾಗಿ ಹುಟ್ಟಿದ ಸಿಎಂಸಿಯೇ 1980ರ ದಶಕದ ಮಧ್ಯಭಾಗದಲ್ಲಿ ದೆಹಲಿಯ ರೈಲ್ವೆ ಟಿಕೆಟ್ ಕಾಯ್ದಿರಿಸುವ ಕಂಪ್ಯೂಟರ್ ವ್ಯವಸ್ಥೆಯನ್ನು ರೂಪಿಸಿತು. ಬೇರೆಯವರ ಯಂತ್ರವನ್ನು ಓದಿ ಕಲಿತವರು ನಮ್ಮದೇ ವ್ಯವಸ್ಥೆ ಕಟ್ಟುವ ಮಟ್ಟಕ್ಕೆ ಬೆಳೆದರು.

ಅತ್ತ ಅಮೆರಿಕದಲ್ಲೂ ಕೈಪಿಡಿಯ ಬೆಲೆ ಏರುವಂಥ ಬೆಳವಣಿಗೆ ನಡೆಯಿತು. ಅಲ್ಲಿಯವರೆಗೆ ಐಬಿಎಂ ತನ್ನ ಮೂಲ ವ್ಯವಸ್ಥೆಯ ಮೂಲಪಾಠವನ್ನೇ ಗ್ರಾಹಕರಿಗೆ ಕೊಡುತ್ತಿತ್ತು. ಸಂದೇಹ ಬಂದರೆ ಸಿಸ್ಟಂ ಪ್ರೋಗ್ರಾಮರ್ ಅದನ್ನೇ ತೆರೆದು ನೋಡುತ್ತಿದ್ದ. 1983ರಲ್ಲಿ, ಇನ್ನು ಮುಂದೆ ಯಂತ್ರಕ್ಕಷ್ಟೇ ಅರ್ಥವಾಗುವ ರೂಪದಲ್ಲಿ ಕೊಡುತ್ತೇವೆ ಎಂದು ಕಂಪನಿ ಸಾರಿತು. ಕ್ರಮೇಣ ಮೂಲಪಾಠ ಕಣ್ಮರೆಯಾಯಿತು, ಆಸರೆಯಾಗಿ ಉಳಿದದ್ದು ಕೈಪಿಡಿ.

1992ರಲ್ಲಿ ಐಬಿಎಂ ಟಾಟಾ ಸಂಸ್ಥೆಯ ಜೊತೆಗೂಡಿ ಮತ್ತೆ ಬಂತು, ಈ ಸಲ ನೆಲೆಯೂರಿದ್ದು ಬೆಂಗಳೂರಿನಲ್ಲಿ. ಅದೇ ದಶಕದ ಕೊನೆಗೆ 2000ನೇ ಇಸವಿಯ ಭಯ ಹುಟ್ಟಿತು. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದ ಹಳೆಯ ಪ್ರೋಗ್ರಾಂಗಳನ್ನು ತಿದ್ದುವ ಕೆಲಸ ಬೆಂಗಳೂರಿಗೆ ಹರಿದು ಬಂತು. ಸಣ್ಣ ಊರುಗಳಿಂದ ಬಂದ ಹುಡುಗ ಹುಡುಗಿಯರು ಕೋಬಾಲ್ ಕಲಿತು ಮೇನ್‌ಫ್ರೇಮ್ ಮುಂದೆ ಕುಳಿತರು. ಆಗ ಕೈಪಿಡಿ ಕಂಪನಿಯೊಳಗಿನ ಸಿ.ಡಿ.ಗಳಲ್ಲಿತ್ತು. ಕೆಲಸ ಸಿಕ್ಕವರಿಗೆ ಪುಸ್ತಕ, ಕೆಲಸ ಹುಡುಕುವವರಿಗೆ ತರಬೇತಿ ಕೇಂದ್ರದ ಜೆರಾಕ್ಸ್ ಪ್ರತಿ ಎಂಬಂಥ ಕಾಲ ಅದು.

ಹುಡುಕುವ ಬಗೆ

ಇಂದು ಆ ಗೋಡೆ ಬಹುಪಾಲು ಬಿದ್ದಿದೆ. ಈಗಿನ ಮೇನ್‌ಫ್ರೇಮುಗಳ 'ಪ್ರಿನ್ಸಿಪಲ್ಸ್ ಆಫ್ ಆಪರೇಷನ್' ಮತ್ತು ಮೂಲ ವ್ಯವಸ್ಥೆಯಾದ ಜೆಡ್/ಓಎಸ್ ಕೈಪಿಡಿಗಳನ್ನು ಐಬಿಎಂ ತನ್ನ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ಹಳೆಯ ಯಂತ್ರಗಳ ಸಾವಿರಾರು ಕೈಪಿಡಿಗಳನ್ನು ಆಸಕ್ತರು ಸ್ಕ್ಯಾನ್ ಮಾಡಿ 'ಬಿಟ್‌ಸೇವರ್ಸ್' ಎಂಬ ಸಂಗ್ರಹದಲ್ಲಿ ಹಾಕಿದ್ದಾರೆ. 1999ರಲ್ಲಿ ರೋಜರ್ ಬೌಲರ್ ಹೊರತಂದ 'ಹರ್ಕ್ಯುಲಿಸ್' ಎಂಬ ತಂತ್ರಾಂಶ ಮನೆಯ ಕಂಪ್ಯೂಟರನ್ನೇ ಹಳೆಯ ಮೇನ್‌ಫ್ರೇಮಿನಂತೆ ನಡೆಸುತ್ತದೆ. ಓದಿದ್ದನ್ನು ಹನೂರಿನ ಮನೆಯಲ್ಲಿ ಕುಳಿತೂ ಮಾಡಿ ನೋಡಬಹುದು.

ಆದರೆ ರಾಶಿಯಲ್ಲಿ ಬೇಕಾದ್ದನ್ನು ಹೆಕ್ಕಲು ಕ್ರಮ ಬೇಕು. ಮೊದಲು ನೋಡಬೇಕಾದ್ದು ಪುಸ್ತಕದ ಹೆಸರಲ್ಲ, ಮುಖಪುಟದ ನಮೂನೆ ಸಂಖ್ಯೆ. ಅದರ ಮೊದಲ ಅಕ್ಷರ 'ಜಿ' ಎಂದಿದ್ದರೆ ಎಲ್ಲರಿಗೂ ಹಂಚಲು, 'ಎಸ್' ಮಾರಾಟಕ್ಕೆ, 'ಎಲ್' ಪರವಾನಗಿ ಇದ್ದವರಿಗೆ ಮಾತ್ರ. ಕೊನೆಯಲ್ಲಿ ಅಡ್ಡಗೆರೆಯ ನಂತರ ಬರುವ ಅಂಕಿ ಪರಿಷ್ಕರಣೆಯದು. 0 ಇದ್ದರೆ ಮೊದಲ ಮುದ್ರಣ. ಹಳೆಯ ಕೈಪಿಡಿಗಳಿಗೆ ಬಿಡಿ ಹಾಳೆಗಳಲ್ಲಿ ತಿದ್ದುಪಡಿ ಬರುತ್ತಿತ್ತು. ಹಳೆಯ ಪುಟ ತೆಗೆದು ಹೊಸ ಪುಟ ಸೇರಿಸಬೇಕು. ಬದಲಾದ ಸಾಲಿನ ಪಕ್ಕದಲ್ಲಿ ನಿಲುಗೆರೆ ಎಳೆದಿರುತ್ತದೆ. ಆ ಗೆರೆ ಗಮನಿಸದೆ ಹಳೆಯ ಪುಟ ಓದಿದವರು ದಾರಿ ತಪ್ಪುತ್ತಾರೆ.

ಯಂತ್ರ ಕೊಡುವ ಸಂದೇಶದಲ್ಲೂ ಸುಳಿವಿದೆ. 'ಐಇಎಫ್450ಐ' ಎಂದು ಪರದೆಯಲ್ಲಿ ಬಂದರೆ ಮೊದಲ ಮೂರು ಅಕ್ಷರ ಯಾವ ವಿಭಾಗ ಮಾತಾಡುತ್ತಿದೆ ಎಂಬುದನ್ನು ಹೇಳುತ್ತವೆ. ಅವುಗಳನ್ನು ಹಿಡಿದು ಸಂದೇಶಗಳ ಸಂಪುಟಕ್ಕೆ ಹೋದರೆ ಅಂಕಿಯ ಕ್ರಮದಲ್ಲಿ ಅರ್ಥ, ಕಾರಣ, ಪರಿಹಾರ ಮೂರೂ ಸಿಗುತ್ತವೆ. ತಾಲ್ಲೂಕು ಕಚೇರಿಯಲ್ಲಿ ಮೊದಲು ಗ್ರಾಮ, ಆಮೇಲೆ ಸರ್ವೆ ನಂಬರ್ ಹುಡುಕಿದಂತೆಯೇ ಇದು.

ಗುಜರಿಗೆ ಹಾಕುವ ಮುನ್ನ

ಹಳೆಯ ಪುಸ್ತಕದ ಹಂಗು ಈಗೇಕೆ ಎಂದು ಕೆಲವರು ಕೇಳಬಹುದು. ದಶಕಗಳ ಹಿಂದೆ ಬರೆದ ಪ್ರೋಗ್ರಾಂಗಳು ಜಗತ್ತಿನ ದೊಡ್ಡ ಬ್ಯಾಂಕುಗಳಲ್ಲಿ ಇನ್ನೂ ಓಡುತ್ತಿವೆ. ಬರೆದವರು ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಬರುವ ಇಂದಿನ ಪದವೀಧರರಿಗೆ, ಅಂದು ಹಾಗೇಕೆ ಬರೆದರು ಎಂದು ಹೇಳುವುದು ಆ ಕಾಲದ ಕೈಪಿಡಿ ಮಾತ್ರ. ಮುದ್ರಿತ ಪುಸ್ತಕದಲ್ಲಿ ಇಲ್ಲದ ಇನ್ನೊಂದು ಸಂಗತಿಯೂ ಇದೆ. ಒಂದೊಂದು ಕಚೇರಿ ತನ್ನ ಯಂತ್ರವನ್ನು ಹೇಗೆ ಹೊಂದಿಸಿಕೊಂಡಿತ್ತು ಎಂಬ ಟಿಪ್ಪಣಿ ಇರುವುದು ಅಲ್ಲಿದ್ದ ಪ್ರತಿಯ ಅಂಚಿನಲ್ಲಿ. ಐಬಿಎಂ ತನ್ನ ಎಲ್ಲ ಪುಸ್ತಕ ಉಳಿಸಿದರೂ ಬೆಂಗಳೂರಿನ ಪ್ರತಿಯ ಅಂಚನ್ನು ಉಳಿಸಲಾರದು.

ಆದ್ದರಿಂದ ಸಿಎಂಸಿ, ಕಾರ್ಖಾನೆ, ಬ್ಯಾಂಕು, ವಿದ್ಯಾಸಂಸ್ಥೆಗಳಲ್ಲಿ ದುಡಿದು ನಿವೃತ್ತರಾದವರ ಮನೆಯ ಅಟ್ಟದಲ್ಲಿ ಅಂಥ ದಪ್ಪ ಫೈಲುಗಳಿದ್ದರೆ, ಗುಜರಿಗೆ ಹಾಕುವ ಮುನ್ನ ನಮೂನೆ ಸಂಖ್ಯೆಯನ್ನಾದರೂ ಬರೆದಿಟ್ಟು, ಸ್ಕ್ಯಾನ್ ಮಾಡಲು ಒಪ್ಪುವ ಕಾಲೇಜನ್ನೋ ಗ್ರಂಥಾಲಯವನ್ನೋ ಕೇಳುವುದು ಒಳ್ಳೆಯದು. ಸೆಂಟು ಗೊತ್ತಿದ್ದ ಕರ್ಣಂ, ಗುಂಟೆ ಗೊತ್ತಿದ್ದ ಶಾನುಭೋಗ ಇಬ್ಬರೂ ಇಲ್ಲದ ದಿನ ಕೊಳ್ಳೇಗಾಲ-ಯಳಂದೂರಿನ ರೈತನಿಗೆ ನೆರವಾದದ್ದು ನಿಯಮವನ್ನು ಬರೆದಿಟ್ಟಿದ್ದ ಕಾಗದ. ಯಂತ್ರದ ವಿಷಯದಲ್ಲೂ ಅಷ್ಟೇ: ತಿಳಿದವರು ಹೊರಟುಹೋದ ಮೇಲೆ, ಬರೆದಿಟ್ಟದ್ದು ಮಾತ್ರ ಉಳಿದವರ ಆಸ್ತಿ.