ಬೆಳ್ಳಿಯ ಮೀನು, ಬೆಳ್ಳಿಯ ಮೊಗ್ಗು

ನಮ್ಮ ನಾಡಿನ ಒಡವೆಗಳ ಹೆಸರುಗಳನ್ನು ಎಣಿಸುತ್ತ ಹೋದರೆ ತೋಟ, ಹೊಲ, ಕೆರೆಗಳನ್ನು ಸುತ್ತಿ ಬಂದಂತಾಗುತ್ತದೆ. ಮಲ್ಲಿಗೆಮೊಗ್ಗಿನ ಸರ, ಮಾವಿನಕಾಯಿ ಸರ, ಮುಡಿಗೆ ಕೇದಗೆ, ತೋಳಿಗೆ ನಾಗಮುರಿಗೆ. ಉಳ್ಳವರು ಇವುಗಳನ್ನು ಚಿನ್ನದಲ್ಲಿ ಮಾಡಿಸಿದರು; ಒಕ್ಕಲುಮಕ್ಕಳಿಗೆ ಬೆಳ್ಳಿಯೇ ಚಿನ್ನ. ಚಿನ್ನವು ಲಕ್ಷ್ಮಿಯೆಂಬ ಭಾವನೆಯಿಂದ ಅದನ್ನು ಕಾಲಿಗೆ ತೊಡುವ ವಾಡಿಕೆ ಇರಲಿಲ್ಲವಾದುದರಿಂದ, ಕಾಲ್ಗಡಗವೂ ಮೀನಿನ ಕಾಲುಂಗುರವೂ ಬೆಳ್ಳಿಯವೇ ಆಗಿದ್ದುವು.

ಒಡವೆಗೆ ಬೇಕಾದ ಬೆಳ್ಳಿಯನ್ನು ಹಲವರು ನಾಣ್ಯದ ರೂಪದಲ್ಲಿಯೇ ಅಕ್ಕಸಾಲಿಗನ ಮುಂದಿಡುತ್ತಿದ್ದರು. 1835ರಿಂದ ಹೊಡೆದ ರೂಪಾಯಿ ಸರಿಯಾಗಿ ಒಂದು ತೊಲ. ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಶುದ್ಧ ಬೆಳ್ಳಿ. ರೂಪಾಯಿಯೇ ಲೋಹ, ರೂಪಾಯಿಯೇ ತೂಕದ ಕಲ್ಲು. ಬಿಳಿಗಾರ ಹಾಕಿ ಮೂಸೆಯಲ್ಲಿ ಕರಗಿಸಿ, ತಗಡಾಗಿ ಬಡಿದು, ಆ ತಗಡನ್ನು ಅರಗಿನ ಮೇಲೆ ಕೂರಿಸಿ, ಸಣ್ಣ ಉಳಿಗಳಿಂದ ಮೀನಿನ ಹುರುಪೆಯನ್ನು ಒಂದೊಂದಾಗಿ ಎಬ್ಬಿಸಬೇಕು. ಅರಗು ಗಟ್ಟಿಯಾಗಿಯೂ ಇದ್ದು ಪೆಟ್ಟಿಗೆ ತುಸು ಬಗ್ಗುವುದರಿಂದ ತಗಡು ಹರಿಯದೆ ಉಬ್ಬುತ್ತದೆ. ಕಡೆಗೆ ಹುಣಸೆಯ ಹುಳಿಯಲ್ಲಿ ಕುದಿಸಿ, ಅಂಟುವಾಳದ ನೊರೆಯಲ್ಲಿ ತಿಕ್ಕಿದರೆ ಬಿಳುಪು ಬರುವುದು. ಯಂತ್ರದಚ್ಚಿನ ಸಾವಿರ ಮೀನುಗಳು ಒಂದೇ ಮೀನು. ಕೈಗೆಲಸದ ಜೋಡಿಯಲ್ಲಾದರೋ ಎಡಗಾಲಿನ ಮೀನು ಬಲಗಾಲಿನದಕ್ಕೆ ತಂಗಿ ಮಾತ್ರ.

ಈ ಮೀನುಗಳು ಅಲಂಕಾರಕ್ಕೆಂದೇ ಹುಟ್ಟಿದುವಲ್ಲ. ಸುಗ್ಗಿ ಒಳ್ಳೆಯದಾದ ವರ್ಷ ಮಾಡಿಸಿದ ಒಡವೆ, ಮಳೆ ತಪ್ಪಿದ ವರ್ಷದ ಅನ್ನ. 1876ರಲ್ಲಿ ಮಳೆ ತಪ್ಪಿತು. ಧಾತು, ಈಶ್ವರ ಸಂವತ್ಸರಗಳ ಆ ಬರದಲ್ಲಿ ಮೈಸೂರು ಸೀಮೆ ಎಷ್ಟು ನೊಂದಿತೆಂಬುದಕ್ಕೆ ಖಾನೇಷುಮಾರಿಯೇ ಸಾಕ್ಷಿ: 1871ರಲ್ಲಿ 50 ಲಕ್ಷಕ್ಕೆ ಮೇಲಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಮೆ. ಆಗ ಕಲಾದಗಿ ಜಿಲ್ಲೆಯೆನಿಸಿದ್ದ ವಿಜಾಪುರದ ಸೀಮೆಗೂ ಅದೇ ಗತಿ. ದನಕರು ಹೋದುವು, ಪಾತ್ರೆ ಹೋದುವು, ಕೊನೆಗೆ ಒಡವೆ. ಬರದ ನಾಡುಗಳ ಬೆಳ್ಳಿ ಒಡವೆಗಳು ಬೊಂಬಾಯಿಯ ಟಂಕಸಾಲೆಗೆ ರಾಶಿರಾಶಿಯಾಗಿ ಬಂದು ಬಿದ್ದುವು. ಅಲ್ಲಿ ಹುರುಪೆಯ ಕೆಲಸಕ್ಕೆ ಬೆಲೆಯಿಲ್ಲ, ಮೊಗ್ಗಿನ ಚೆಲುವಿಗೆ ಬೆಲೆಯಿಲ್ಲ. ಆದರೂ ತೂಕಕ್ಕೆ ಬೆಲೆಯಿತ್ತು. ಯಾರು ಬೆಳ್ಳಿ ತಂದರೂ ಅಲ್ಪ ಕೂಲಿ ಹಿಡಿದು ರೂಪಾಯಿ ಹೊಡೆದುಕೊಡುವುದು ಅಂದಿನ ಕಾಯಿದೆ. ಹಳ್ಳಿಯ ಹೆಂಗಸು ಬೊಂಬಾಯಿಗೆ ಹೋಗಲಾರಳು, ನಿಜ. ಆದರೆ ಊರ ಸಾಹುಕಾರನ ದುರಾಶೆಗೆ ಆ ದರವು ಒಂದಿಷ್ಟು ಕಡಿವಾಣವಾಗಿತ್ತು.

ಆ ಕಡಿವಾಣವೂ ಕಳಚಿತು. 1871ರಿಂದೀಚೆಗೆ ಜರ್ಮನಿ ಮೊದಲಾದ ದೇಶಗಳು ಚಿನ್ನದ ನಾಣ್ಯಕ್ಕೆ ತಿರುಗಿದುವು; ಬೆಳ್ಳಿಯ ಬೆಲೆ ಇಳಿಯುತ್ತ ಹೋಯಿತು. ವಿಲಾಯಿತಿಗೆ ಪೌಂಡುಗಳಲ್ಲಿ ಹಣ ಸಲ್ಲಿಸಬೇಕಾಗಿದ್ದ ಭಾರತ ಸರಕಾರವು 1893ರ ಜೂನ್ 26ರಂದು ಪ್ರಜೆಗಳು ತರುವ ಬೆಳ್ಳಿಗೆ ಟಂಕಸಾಲೆಯ ಬಾಗಿಲನ್ನು ಮುಚ್ಚಿತು. ಮುಂದೆ ರೂಪಾಯಿಯ ಬೆಲೆ ಏರಿತು. ಅದರೊಳಗಿನ ಬೆಳ್ಳಿಯದು ಏರಲಿಲ್ಲ. ನೂರು ರೂಪಾಯಿ ಕರಗಿಸಿ ಮಾಡಿಸಿದ ಒಡವೆಯನ್ನು ಮರಳಿ ನೂರು ರೂಪಾಯಿ ಮಾಡಿಕೊಳ್ಳುವ ದಾರಿ ಇಲ್ಲವಾಯಿತು. ಕಂದಾಯವನ್ನು ಮಾತ್ರ ರೂಪಾಯಿಯಲ್ಲಿಯೇ ಕಟ್ಟಬೇಕು. 1896-97ರಲ್ಲಿ ವಿಜಾಪುರಕ್ಕೆ ಮತ್ತೆ ಬರ ಬಂತು. ಅಜ್ಜಿಯ ಕಾಲ್ಗಡಗವು ತೊಲದಲ್ಲಿ ಕುಗ್ಗಿರಲಿಲ್ಲ, ಅಂಗಡಿಯಲ್ಲಿ ಕುಗ್ಗಿತ್ತು. ನಾಣ್ಯಶಾಸ್ತ್ರದ ಗ್ರಂಥಗಳು ಇದನ್ನು ವಿನಿಮಯದ ಸಮಸ್ಯೆಯೆಂದು ಕರೆಯುತ್ತವೆ. ನಾವು ಇದನ್ನು ಬಡವಳ ಕಾಲಿನಿಂದ ತೆಗೆದುಕೊಂಡ ತೆರಿಗೆಯೆಂದೇ ಎಣಿಸುತ್ತೇವೆ.

ಹನ್ನೆರಡನೆಯ ಶತಮಾನದ ಬೇಲೂರಿನ ಮದನಿಕೆಯರ ಕಾಲಂದುಗೆಗಳನ್ನು ನಾವು ಇಂದಿಗೂ ನೋಡಬಹುದು, ಅವು ಕಲ್ಲಿನವು. ಧಾತು ಸಂವತ್ಸರದ ಒಕ್ಕಲಗಿತ್ತಿಯೊಬ್ಬಳ ಬೆಳ್ಳಿಯ ಮೀನು ಸಿಕ್ಕುವುದು ದುರ್ಲಭ. ಅದು ರೂಪಾಯಿಯಾಗಿ, ಆ ರೂಪಾಯಿ ಜೋಳವಾಗಿ, ಎಂದೋ ಸಂದುಹೋಯಿತು.