ಮಿಷ್ಟಿ ಯೋಜನೆ

ಮಿಷ್ಟಿ ಯೋಜನೆಯು ಭಾರತದ ಕರಾವಳಿಯಲ್ಲಿ ಮ್ಯಾಂಗ್ರೋವ್ ಅಥವಾ ಕಾಂಡ್ಲಾ ಕಾಡುಗಳನ್ನು ಬೆಳೆಸಲು ಹಾಗೂ ಪುನಶ್ಚೇತನಗೊಳಿಸಲು ಕೇಂದ್ರ ಸರ್ಕಾರವು ರೂಪಿಸಿದ ಯೋಜನೆ. ‘ಮ್ಯಾಂಗ್ರೋವ್ ಇನಿಶಿಯೇಟಿವ್ ಫಾರ್ ಶೋರ್‌ಲೈನ್ ಹ್ಯಾಬಿಟಾಟ್ಸ್ ಅಂಡ್ ಟ್ಯಾಂಜಿಬಲ್ ಇನ್‌ಕಮ್ಸ್’ ಎಂಬುದು ಇದರ ಪೂರ್ಣ ಹೆಸರು. ಉಪ್ಪುನೀರಿನ ಕಾಡಿನ ಯೋಜನೆಗೆ ಬಂದ ಈ ಹ್ರಸ್ವನಾಮಕ್ಕೆ ಬಂಗಾಳಿಯಲ್ಲಿ ‘ಸಿಹಿ’ ಎಂಬ ಅರ್ಥವಿರುವುದು ಸ್ವಾರಸ್ಯಕರ. 2023-24ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿತವಾದ ಯೋಜನೆಗೆ 2023ರ ಜೂನ್ 5ರಂದು, ವಿಶ್ವ ಪರಿಸರ ದಿನದಂದು, ಚಾಲನೆ ದೊರೆಯಿತು. ಐದು ವರ್ಷಗಳಲ್ಲಿ ಸುಮಾರು 540 ಚದರ ಕಿ.ಮೀ. ಪ್ರದೇಶವನ್ನು ಒಳಗೊಳ್ಳುವುದು ಇದರ ಗುರಿ.

ಹಿನ್ನೆಲೆ

2021ರ ಭಾರತ ಅರಣ್ಯ ಸ್ಥಿತಿ ವರದಿಯಂತೆ ದೇಶದ ಕಾಂಡ್ಲಾ ಕಾಡುಗಳ ವಿಸ್ತೀರ್ಣ 4,992 ಚದರ ಕಿ.ಮೀ. ಇದರಲ್ಲಿ ಐದನೇ ಎರಡು ಭಾಗಕ್ಕಿಂತ ಹೆಚ್ಚು ಪಶ್ಚಿಮ ಬಂಗಾಳದಲ್ಲಿದ್ದು, ಗುಜರಾತ್ ಎರಡನೆಯ ಸ್ಥಾನದಲ್ಲಿದೆ. ಈ ಕಾಡುಗಳು ಅಲೆಗಳ ರಭಸವನ್ನು ತಗ್ಗಿಸುತ್ತವೆ, ಮೀನು ಸಿಗಡಿಗಳ ಮರಿಗಳಿಗೆ ಆಸರೆಯಾಗುತ್ತವೆ, ಕೆಸರಿನಲ್ಲಿ ಅಪಾರ ಇಂಗಾಲವನ್ನು ಹಿಡಿದಿಡುತ್ತವೆ. 1999ರ ಒಡಿಶಾ ಮಹಾಚಂಡಮಾರುತದಲ್ಲಿ ಕೇಂದ್ರಪಾಡಾ ಜಿಲ್ಲೆಯ ಕಾಂಡ್ಲಾ ಕಾಡಿನ ಮರೆಯಲ್ಲಿದ್ದ ಗ್ರಾಮಗಳಲ್ಲಿ ಸಾವುಗಳು ಕಡಿಮೆಯಾಗಿದ್ದವೆಂದು ಅಧ್ಯಯನಗಳು ತೋರಿಸಿವೆ.

ಹಣಕಾಸಿನ ವ್ಯವಸ್ಥೆ

ಯೋಜನೆಯ ವೈಶಿಷ್ಟ್ಯವೂ ದೌರ್ಬಲ್ಯವೂ ಇರುವುದು ಇಲ್ಲಿಯೇ. ಮುಂಗಡಪತ್ರದ ಘೋಷಣೆಯಂತೆ ಇದಕ್ಕೆ ಹಣ ಒದಗುವುದು ಮುಖ್ಯವಾಗಿ ಉದ್ಯೋಗ ಖಾತರಿ ಯೋಜನೆ, ಕಾಂಪಾ ನಿಧಿ ಮತ್ತಿತರ ಮೂಲಗಳ ಜೋಡಣೆಯಿಂದ. ಗಣಿ, ಅಣೆಕಟ್ಟು, ರಸ್ತೆಗಳಿಗಾಗಿ ಅರಣ್ಯಭೂಮಿಯನ್ನು ಪಡೆದವರು ಪರಿಹಾರವಾಗಿ ಕಟ್ಟುವ ಹಣವೇ ಕಾಂಪಾ ನಿಧಿ. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯಿದೆಯಂತೆ ಅದರ ಶೇ. 90 ಭಾಗ ರಾಜ್ಯಗಳಿಗೂ ಶೇ. 10 ಭಾಗ ರಾಷ್ಟ್ರೀಯ ನಿಧಿಗೂ ಸಲ್ಲುತ್ತದೆ. ಹೀಗಾಗಿ ಒಳನಾಡಿನಲ್ಲಿ ಅಳಿದ ಕಾಡಿನ ಬೆಲೆ ಕಡಲಂಚಿನಲ್ಲಿ ಸಸಿಯಾಗಿ ಮರಳಬಹುದು; ಆದರೆ ಒಂದು ಕಾಡು ಇನ್ನೊಂದಕ್ಕೆ ಸಾಟಿಯಲ್ಲ. ಉದ್ಯೋಗ ಖಾತರಿಯ ಹಣ ಪ್ರಧಾನವಾಗಿ ಕೂಲಿಗೆ ಮೀಸಲು. ಸಸಿಮಡಿ, ಕಾಲುವೆ ತೋಡುವಿಕೆ, ನಾಟಿ ಇವಕ್ಕೆ ಅದು ಒಪ್ಪುತ್ತದೆ. ನಾಟಿಯಾದ ಮೇಲೆ ಹಲವು ವರ್ಷ ಬೇಕಾಗುವ ಆರೈಕೆ ಮತ್ತು ಮೇಲ್ವಿಚಾರಣೆಗೆ ಅಂತಹ ಹಣ ಅಷ್ಟಾಗಿ ಹೊಂದುವುದಿಲ್ಲ.

ನೆಟ್ಟ ವಿಸ್ತೀರ್ಣವನ್ನೇ ಸಾಧನೆಯೆಂದು ಎಣಿಸುವ ಅಪಾಯ ಇದರಿಂದ ಹೆಚ್ಚುತ್ತದೆ. ಫಿಲಿಪೀನ್ಸ್‌ನಲ್ಲಿ ದಶಕಗಳ ಕಾಲ ಹಣ ಸುರಿದು ನೆಟ್ಟ ಕಾಂಡ್ಲಾ ಸಸಿಗಳಲ್ಲಿ ದೀರ್ಘಾವಧಿಯಲ್ಲಿ ಉಳಿದವು ಶೇ. 10ರಿಂದ 20 ಮಾತ್ರ. ತಪ್ಪು ಜಾಗ, ತಪ್ಪು ಜಾತಿಯ ಆಯ್ಕೆ ಇದಕ್ಕೆ ಮುಖ್ಯ ಕಾರಣ. ತಮಿಳುನಾಡಿನ ಪಿಚ್ಚಾವರಂನಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವು ಮೊದಲು ಕಾಲುವೆಗಳನ್ನು ತೋಡಿ ಉಬ್ಬರದ ನೀರು ಹರಿಯುವಂತೆ ಮಾಡಿ, ಆ ಬಳಿಕ ಸಸಿ ನೆಟ್ಟು ಬಂಜರಾಗಿದ್ದ ಭಾಗಗಳನ್ನು ಹಸಿರಾಗಿಸಿತು.

ಕರ್ನಾಟಕದಲ್ಲಿ

ಮೇಲಿನ ವರದಿಯಂತೆ ರಾಜ್ಯದ ಪಾಲು 13 ಚದರ ಕಿ.ಮೀ. ಮಾತ್ರ. ಕಾಳಿ, ಅಘನಾಶಿನಿ, ಶರಾವತಿ, ಪಂಚಗಂಗಾವಳಿ ಅಳಿವೆಗಳಲ್ಲಿ ಈ ಕಾಡುಗಳು ಹರಡಿವೆ. 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಕಗ್ಗ ಭತ್ತದ ಗಜನಿ ಗದ್ದೆಗಳೂ ಬಳಚು ಹೆಕ್ಕುವ ಕೆಸರು ಬಯಲುಗಳೂ ಇವೆ. ತೆರೆದ ಬಯಲೆಲ್ಲವೂ ನಾಟಿಗೆ ಖಾಲಿ ಜಾಗವಲ್ಲ. ಎಲ್ಲಿ ನೆಡಬೇಕೆಂಬುದು ಅಲ್ಲಿನ ಕುಟುಂಬಗಳಿಗೆ ಜೀವನೋಪಾಯದ ಪ್ರಶ್ನೆಯಾಗಿದೆ.