ಹುಣಸೂರು ಸೀಮೆಯ ಮರ, ತೊಗಲು ಮತ್ತು ಹಳೆಯ ಕಾರಿನ ಸ್ಟೀರಿಂಗ್

ಮೈಸೂರಿನಿಂದ ಬಿಳಿಕೆರೆಯ ಮೇಲೆ ಹುಣಸೂರಿಗೆ ಹೋಗುವ ಹೆದ್ದಾರಿಯ ಸೀಮೆಯಲ್ಲಿ ವಾಹನದ ಕಸುಬು ಮೋಟಾರಿಗಿಂತ ಬಹಳ ಹಿಂದಿನದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎನಿಸಿ, 1799ರ ಬಳಿಕ ಬ್ರಿಟಿಷರ ಕೈಸೇರಿತು; ಫಿರಂಗಿ ಎಳೆಯುವ ಎತ್ತುಗಳನ್ನು ಬೆಳೆಸುತ್ತಿದ್ದ ಆ ಇಲಾಖೆಗೆ ಹುಣಸೂರೇ ಕೇಂದ್ರವಾಗಿದ್ದ ಕಾಲದಲ್ಲಿ, ಸೈನ್ಯಕ್ಕೆ ಸಾಮಗ್ರಿ ಒದಗಿಸುವ ಕಮಿಸರಿಯಟ್ ಅಲ್ಲಿ ತೊಗಲು ಹದಮಾಡುವ ಕಾರ್ಖಾನೆಯನ್ನೂ ಕಂಬಳಿ ತಯಾರಿಕೆಯನ್ನೂ ಮರದ ಕೋಠಿಯನ್ನೂ ನಡೆಸಿತು. 1864ರಲ್ಲಿ ಇವು ಮುಚ್ಚಿದರೂ, ತೊಗಲಿನ ಮತ್ತು ಗಾಡಿಯ ಕೆಲಸವನ್ನು ಊರಿನ ಕಸುಬುದಾರರು ಸ್ವಂತವಾಗಿ ಮುಂದುವರಿಸಿದರು.

ಮರ, ತೊಗಲುಗಳ ಈ ಕಸುಬಿಗೆ ಹಳೆಯ ಕಾರಿನ ಸ್ಟೀರಿಂಗೂ ಹೊರತಲ್ಲ. ಕಾರುಗಳಲ್ಲಿ ಮೊದಲು ಇದ್ದದ್ದು ದೋಣಿಯ ಚುಕ್ಕಾಣಿಯಂಥ ಹಿಡಿ. ದುಂಡನೆಯ ಸ್ಟೀರಿಂಗ್ ಕಾಣಿಸಿಕೊಂಡದ್ದು 1894ರ ಪ್ಯಾರಿಸ್–ರೂಆನ್ ಸ್ಪರ್ಧೆಯ ಒಂದು ಪನ್ಹಾರ್ ಕಾರಿನಲ್ಲಿ. ಆರಂಭದ ಸ್ಟೀರಿಂಗ್‌ಗಳ ಸುತ್ತು ಹೆಚ್ಚಾಗಿ ಮರದ್ದಾಗಿದ್ದು, ಬಾಗಿದ ತುಂಡುಗಳನ್ನು ಜೋಡಿಸಿ ಅಂಟಿಸಿದ್ದರಿಂದ, ಅದರ ರಿಪೇರಿ ಗಾಡಿಯ ಗಾಲಿ ಕಟ್ಟುವ ಬಡಗಿಯ ತಿಳಿವಿಗೆ ಹೊರಗಿನದಲ್ಲ. ಮುಂದೆ ಉಕ್ಕಿನ ಬಳೆಯ ಮೇಲೆ ಗಟ್ಟಿ ರಬ್ಬರು, ಸೆಲ್ಯುಲಾಯ್ಡ್, ಬಳಿಕ ಇತರ ಪ್ಲಾಸ್ಟಿಕ್‌ಗಳನ್ನು ಎರಕ ಹೊಯ್ದು ಕೂಡಿಸುವ ಪದ್ಧತಿ ಬಂದಾಗ ತೊಂದರೆಯ ಸ್ವರೂಪವೇ ಬದಲಾಯಿತು.

ಬಿಸಿಲಿಗೆ ಪ್ಲಾಸ್ಟಿಕ್ಕು ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ವರ್ಷಗಳು ಕಳೆದಂತೆ ಕುಗ್ಗುತ್ತದೆ. ಒಳಗಿನ ಬಳೆ ಅದಕ್ಕೆ ಎಡೆಗೊಡದ ಕಾರಣ ಅರೆಕಾಲುಗಳು, ಅಂದರೆ ನಡುವಿನಿಂದ ಸುತ್ತಿನವರೆಗೆ ಚಾಚಿದ ಕಡ್ಡಿಗಳು, ಸೇರುವಲ್ಲಿ ಬಿರುಕು ಬಿಡುತ್ತದೆ. ಆ ಬಿರುಕಿನ ಮೇಲೆ ಬರೀ ಬಣ್ಣ ಬಳಿದರೆ ಪ್ರಯೋಜನವಿಲ್ಲ. ಅದನ್ನು ಅರದಿಂದ ಬಾಯಗಲಿಸಿ, ಉಕ್ಕಿನ ತುಕ್ಕು ಕೆರೆದು, ಎರಡು ಭಾಗಗಳನ್ನು ಬೆರೆಸಿದಾಗ ಗಟ್ಟಿಯಾಗುವ ಎಪಾಕ್ಸಿ ಲೇಪವನ್ನು ಅಂಚಿಗಿಂತ ತುಸು ಎತ್ತರವಾಗಿ ತುಂಬಬೇಕು. ಚೆನ್ನಾಗಿ ಒಣಗಿದ ಮೇಲೆ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ, ಹಿಂಬದಿಯ ಬೆರಳಿನ ತಗ್ಗುಗಳನ್ನು ಸಣ್ಣ ದುಂಡು ಅರದಿಂದ ಮತ್ತೆ ಮೂಡಿಸಬೇಕು. ಕೆಲಸದ ನಿಜವಾದ ಪರೀಕ್ಷೆ ಈ ತಗ್ಗುಗಳಲ್ಲೇ ಇದೆ, ಏಕೆಂದರೆ ಕಣ್ಣಿಗೆ ಕಾಣದ ಉಬ್ಬನ್ನೂ ಚಾಲಕನ ಬೆರಳು ಗುರುತಿಸುತ್ತದೆ.

ಮರದ ಸುತ್ತಿನ ಮೇಲೆ ಅರಗಿನ ಪಾಲಿಶ್ ಮನೋಹರವಾದರೂ ಅಂಗೈಯ ಬೆವರಿಗೂ ಕಾವಿಗೂ ತಾಳದ್ದರಿಂದ ವಾರ್ನಿಶ್ ಲೇಸು. ತೊಗಲಿನ ಹೊದಿಕೆಯನ್ನಾದರೋ ಬಿಗಿಯಾಗಿ ಎಳೆದು, ಒಳಸುತ್ತಿನಲ್ಲಿ ಹೊಲಿಯಬೇಕು. ಬಣ್ಣದ ವಿಷಯದಲ್ಲಿ ಊಹೆ ಸಲ್ಲದು: ಹಾರ್ನ್ ಗುಂಡಿಯನ್ನು ಬಿಚ್ಚಿದರೆ ಬಿಸಿಲು ತಾಗದೆ ಉಳಿದ ಮೂಲ ಬಣ್ಣ ಸಿಗುವುದುಂಟು, ಹೊಸ ಬಣ್ಣವನ್ನು ಅದಕ್ಕೆ ಹೊಂದಿಸಿ ತೆಳುವಾದ ಹಲವು ಪದರಗಳಲ್ಲಿ ಹಾಯಿಸುವುದೇ ಸರಿಯಾದ ಕ್ರಮ.